ಕಾಂಬಿನೇಶನ್ ಆಚೆಗೊಂದು ಪದವಿ

1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ, ಇನ್ನೂ ಇಪ್ಪತ್ತೆರಡು ತುಂಬದ ಹುಡುಗನೊಬ್ಬನಿಗೆ ‘ಎನಿಗ್ಮಟಾಲಜಿ’ಯಲ್ಲಿ ಪದವಿ ಕೊಟ್ಟಿತು. ಎನಿಗ್ಮಟಾಲಜಿ ಎಂದರೆ ಒಗಟುಗಳ ಶಾಸ್ತ್ರ. ಆ ವಿಶ್ವವಿದ್ಯಾಲಯದಲ್ಲಿ ಒಗಟಿಗೆಂದು ವಿಭಾಗವಿರಲಿಲ್ಲ, ಸಿಲಬಸ್ ಇರಲಿಲ್ಲ, ಅದನ್ನು ಕಲಿಸುವ ಮೇಷ್ಟ್ರೂ ಇರಲಿಲ್ಲ. ಹುಡುಗ ತಾನೇ ವಿಷಯ ಕಟ್ಟಿದ, ತಾನೇ ಪಾಠಗಳನ್ನು ಹೊಂದಿಸಿಕೊಂಡ, ಪ್ರಾಧ್ಯಾಪಕರನ್ನು ಒಪ್ಪಿಸಿದ. ಆತನ ಹೆಸರು ವಿಲ್ ಶಾರ್ಟ್ಸ್. 1993ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಪದಬಂಧ ಸಂಪಾದಕರಾದದ್ದು ಇವರೇ.

ಶಾರ್ಟ್ಸ್ ಬೆಳೆದದ್ದು ಇಂಡಿಯಾನಾ ರಾಜ್ಯದ ಕ್ರಾಫರ್ಡ್ಸ್‌ವಿಲ್ ಎಂಬ ಊರಿನಲ್ಲಿ, ಅರಬ್ಬಿ ಕುದುರೆ ಸಾಕುತ್ತಿದ್ದ ಮನೆಯಲ್ಲಿ. ಒಗಟು ಕಟ್ಟುವುದೇ ನನ್ನ ಕಸುಬು ಎಂದು ಶಾಲೆಯ ದಿನಗಳಲ್ಲೇ ನಿಶ್ಚಯಿಸಿಕೊಂಡಿದ್ದರು. ಹದಿನಾಲ್ಕನೆಯ ವಯಸ್ಸಿಗೆ ಅವರ ಮೊದಲ ಒಗಟನ್ನು ಪತ್ರಿಕೆಯೊಂದು ದುಡ್ಡು ಕೊಟ್ಟು ತೆಗೆದುಕೊಂಡಿತ್ತು. ಆದರೂ ಕಾಲೇಜಿಗೆ ಬಂದಾಗ ಹಿಡಿದದ್ದು ಅರ್ಥಶಾಸ್ತ್ರ. ಎಲ್ಲ ಮನೆಗಳಲ್ಲೂ ಆಗುವುದೇ ಅದು. ಅದೇ ಹೊತ್ತಿಗೆ ವಿಶ್ವವಿದ್ಯಾಲಯ ಹೊಸದಾಗಿ ‘ಇಂಡಿವಿಜುವಲೈಸ್ಡ್ ಮೇಜರ್ ಪ್ರೋಗ್ರಾಮ್’ ತೆರೆದಿತ್ತು. ಅದರ ಸುದ್ದಿ ಮಗನಿಗೆ ಮುಟ್ಟಿಸಿದ್ದು ತಾಯಿ.

ಆಮೇಲೆ ಅವರು ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಗಟಿಗೆ ಮೇಷ್ಟ್ರಿಲ್ಲ, ನಿಜ. ಆದರೆ ಒಗಟಿನ ಒಂದೊಂದು ಮಗ್ಗುಲಿಗೆ ಒಬ್ಬೊಬ್ಬ ಮೇಷ್ಟ್ರು ಸಿಗಬಹುದಲ್ಲ? ಪದಬಂಧ ರಚನೆಯೇ ಒಂದು ಕೋರ್ಸ್ ಆಯಿತು. ಕೆಲವು ವಾರಗಳಿಗೊಮ್ಮೆ ಹೊಸ ಪದಬಂಧ ಕಟ್ಟಿಕೊಂಡು ಪ್ರಾಧ್ಯಾಪಕರ ಕೋಣೆಗೆ ಹೋಗುವುದು, ಅವರು ಅದನ್ನು ಬಿಡಿಸುತ್ತ ಕೂತಾಗ ಪಕ್ಕದಲ್ಲಿ ಕೂತು ನೋಡುವುದು. ಎಲ್ಲಿ ಪೆನ್ಸಿಲ್ ನಿಂತಿತು, ಯಾವ ಸುಳಿವು ದಾರಿ ತಪ್ಪಿಸಿತು, ಯಾವುದು ಸಪ್ಪೆಯಾಯಿತು ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಮನುಷ್ಯರಿಗೆ ಒಗಟು ಯಾಕೆ ಬೇಕು ಎಂಬುದಕ್ಕೆ ಮನಶ್ಶಾಸ್ತ್ರ. ಗಣಿತದ, ತರ್ಕದ ಒಗಟುಗಳಿಗೆ ಬೇರೆ ಮೇಷ್ಟ್ರು. ಪದಬಂಧದ ಮಾಸಪತ್ರಿಕೆಗಳು ಹೇಗೆ ನಡೆಯುತ್ತವೆ ಎಂಬುದಕ್ಕೆ ಪತ್ರಿಕೋದ್ಯಮ. ಕೊನೆಗೆ 1860ಕ್ಕೆ ಹಿಂದಿನ ಅಮೆರಿಕನ್ ಪದ-ಒಗಟುಗಳ ಚರಿತ್ರೆಯ ಮೇಲೆ ಒಂದು ಪ್ರಬಂಧ. ಇಷ್ಟನ್ನೂ ಒಂದು ದಾರದಲ್ಲಿ ಪೋಣಿಸಿದ್ದು ಆ ಹುಡುಗನ ಕುತೂಹಲ. ಅದಿಲ್ಲದಿದ್ದರೆ ಇವು ಬಿಡಿಬಿಡಿ ಕೋರ್ಸ್‌ಗಳಾಗಿಯೇ ಉಳಿಯುತ್ತಿದ್ದವು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ‘ಇಷ್ಟ ಬಂದದ್ದನ್ನು ಓದುವ ಸ್ವಾತಂತ್ರ್ಯ’ ಎಂಬಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಕಾಣುವುದು ಬೇರೆ. ಇಂಡಿಯಾನಾದ ಪದ್ಧತಿಯಲ್ಲಿ ವಿದ್ಯಾರ್ಥಿ ತನ್ನ ವಿಷಯ ಏನು, ಅದಕ್ಕೆ ಈಗಿರುವ ಯಾವ ವಿಭಾಗವೂ ಯಾಕೆ ಸಾಲದು ಎಂಬುದನ್ನು ಬರೆದು ಕೊಡಬೇಕು. ತೆಗೆದುಕೊಳ್ಳುವ ಕೋರ್ಸ್‌ಗಳ ಪಟ್ಟಿ ಜೊತೆಗಿರಬೇಕು. ಒಬ್ಬ ಪ್ರಾಧ್ಯಾಪಕರು ‘ಈ ಹುಡುಗಿಯ ಹೊಣೆ ನನ್ನದು’ ಎಂದು ಒಪ್ಪಿಕೊಂಡಿರಬೇಕು. ಬಳಿಕ ಅಧ್ಯಾಪಕರ ಸಮಿತಿ ಎದುರು ಕೂರಬೇಕು. ಕೊನೆಯಲ್ಲಿ ಒಂದು ದೊಡ್ಡ ಕೆಲಸ ಮಾಡಿ ತೋರಿಸಬೇಕು. ಸಿದ್ಧ ಕೋರ್ಸ್ ಓದುವ ಹುಡುಗರಿಗೆ ಇಷ್ಟು ಬಿಗಿ ಇರುವುದಿಲ್ಲ. ಬಿ.ಎ. ಅರ್ಥಶಾಸ್ತ್ರ ಓದುವ ಹುಡುಗನನ್ನು ‘ಅರ್ಥಶಾಸ್ತ್ರ ಯಾಕೆ?’ ಎಂದು ಯಾರು ಕೇಳುತ್ತಾರೆ?

ಇಂಡಿಯಾನಾ ವಿಶ್ವವಿದ್ಯಾಲಯ ಇರುವ ಬ್ಲೂಮಿಂಗ್ಟನ್ ಕನ್ನಡಿಗರಿಗೆ ತೀರ ಅಪರಿಚಿತ ಊರೇನಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಪಾಠ ಹೇಳಿದ್ದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋಗಿ ಸೇರಿದ್ದು ಇಲ್ಲಿಗೇ. 1963ರಲ್ಲಿ ಕನ್ನಡ ವ್ಯಾಕರಣದ ಮೇಲೆ ಭಾಷಾಶಾಸ್ತ್ರದ ಪಿಎಚ್.ಡಿ. ಪಡೆದದ್ದೂ ಇಲ್ಲಿಂದಲೇ. ಕಾಲೇಜಿನ ಮೊದಲ ವರ್ಷ ವಿಜ್ಞಾನ ಓದಿ ಇಂಗ್ಲಿಷಿಗೆ ಬದಲಾದವರು ಅವರು. ಬೆಳಗಾವಿ ಸೀಮೆಯಲ್ಲಿ ಜನಪದ ಕಥೆ ಕೂಡಿಹಾಕಿದವರು. ವಚನ, ಸಂಗಂ ಕಾವ್ಯಗಳನ್ನು ಇಂಗ್ಲಿಷಿಗೆ ತಂದವರು. ಎರಡು ಭಾಷೆಗಳಲ್ಲಿ ಕವಿ. ಮುಂದೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ವಿಭಾಗ, ಭಾಷಾಶಾಸ್ತ್ರ ಮತ್ತು ‘ಕಮಿಟಿ ಆನ್ ಸೋಷಿಯಲ್ ಥಾಟ್’ ಎಂಬ ಅಂತರಶಿಸ್ತೀಯ ವೇದಿಕೆ, ಮೂರರಲ್ಲೂ ಅವರಿಗೆ ಜಾಗವಿತ್ತು. ಆದರೆ ಪದವಿಯ ಹಂತದಲ್ಲಿ ಅವರಿಗೆ ಮೈಸೂರು ಕೊಟ್ಟ ಆಯ್ಕೆ ವಿಜ್ಞಾನ ಅಥವಾ ಇಂಗ್ಲಿಷ್. ಅಷ್ಟು ದೊಡ್ಡ ಮನಸ್ಸು ಬೇಲಿಗಳನ್ನು ತಾನಾಗಿಯೇ ದಾಟಿತು. ಎಲ್ಲರಿಗೂ ಆ ಶಕ್ತಿ ಇರುವುದಿಲ್ಲ. ಉಳಿದವರಿಗಾಗಿ ಕಾಲೇಜೇ ಒಂದು ಬಾಗಿಲು ಇಡಬೇಕು.

ಅಮೆರಿಕದಲ್ಲಿ ಆ ಬಾಗಿಲು ತೆರೆದದ್ದು ಹೆಚ್ಚು ಕಡಿಮೆ ಐದಾರು ವರ್ಷಗಳ ಅವಧಿಯಲ್ಲಿ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಐರಾ ಮ್ಯಾಗಜೀನರ್, ಎಲಿಯಟ್ ಮ್ಯಾಕ್ಸ್‌ವೆಲ್ ಎಂಬಿಬ್ಬರು ವಿದ್ಯಾರ್ಥಿಗಳು ಗೆಳೆಯರೊಂದಿಗೆ ಸೇರಿ, ನಮ್ಮ ಶಿಕ್ಷಣ ಹೇಗಿರಬೇಕು ಎಂದು ನಾನೂರು ಪುಟ ಮೀರಿದ ವರದಿಯನ್ನೇ ಬರೆದರು. ಪ್ರತಿಗಳನ್ನು ಅಧ್ಯಾಪಕರಿಗೆ ಹಂಚಿ, ಅವರ ಜೊತೆ ಚರ್ಚಿಸಿ, ತಿದ್ದಿ, ಮತ್ತೆ ಚರ್ಚಿಸಿದರು. 1969ರ ಮೇ ತಿಂಗಳಲ್ಲಿ ಅಧ್ಯಾಪಕ ಸಭೆ ಹೊಸ ಪಠ್ಯಕ್ರಮಕ್ಕೆ ಮತ ಹಾಕಿತು. ಎಲ್ಲರೂ ಇಂತಿಂಥ ವಿಷಯ ಓದಲೇಬೇಕೆಂಬ ಕಡ್ಡಾಯ ಹೋಯಿತು. ವಿಭಾಗಗಳಲ್ಲಿ ಸಿಗದ ವಿಷಯವನ್ನು ವಿದ್ಯಾರ್ಥಿಯೇ ಪ್ರಸ್ತಾಪಿಸಿ ಓದುವ ದಾರಿಯೂ ಬಂತು. ಇಡೀ ಅಮೆರಿಕದ ಕ್ಯಾಂಪಸ್‌ಗಳು ಹೊತ್ತಿ ಉರಿಯುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಹುಡುಗರು ವರದಿ ಬರೆದು ವಿಶ್ವವಿದ್ಯಾಲಯವನ್ನು ಬದಲಿಸಿದರು ಎಂಬುದು ನನಗೆ ಇವತ್ತಿಗೂ ರೋಮಾಂಚನ ಹುಟ್ಟಿಸುತ್ತದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಶಾಲೆ 1972ರಲ್ಲಿ ಶುರುವಾಯಿತು, ಆಗ ಅದರ ಹೆಸರು ‘ಗೋಡೆಗಳಿಲ್ಲದ ವಿಶ್ವವಿದ್ಯಾಲಯ’. ಅಲ್ಲಿ ವಿಭಾಗ ಎಂಬುದೇ ಇಲ್ಲ. ಎರಡನೇ ವರ್ಷದಲ್ಲಿ ವಿದ್ಯಾರ್ಥಿ ತನ್ನ ಓದಿನ ಆತ್ಮಕಥೆಯನ್ನೂ ಮುಂದಿನ ಯೋಜನೆಯನ್ನೂ ಬರೆಯಬೇಕು. ಪದವಿ ಕೈಗೆ ಬರುವ ಮುನ್ನ ಇಪ್ಪತ್ತರಿಂದ ಇಪ್ಪತ್ತೈದು ಕೃತಿಗಳ ಪಟ್ಟಿ ತಾನೇ ಮಾಡಿ, ಅವುಗಳ ಮೇಲೆ ಮೂವರು ಪ್ರಾಧ್ಯಾಪಕರ ಜೊತೆ ಮೌಖಿಕ ಸಂವಾದಕ್ಕೆ ಕೂರಬೇಕು. ಪಟ್ಟಿಯಲ್ಲಿ ಹಳೆಯ ಕಾಲದ ಕೃತಿಗಳೂ ಇರಲೇಬೇಕು. ಫ್ಯಾಷನ್ ಮತ್ತು ಕಾನೂನನ್ನು ಕೂಡಿಸಿ ಓದಿದವರೂ ಪ್ರಾಚೀನರಿಗೆ ಉತ್ತರ ಹೇಳದೆ ಹೊರಗೆ ಬರುವಂತಿಲ್ಲ.

ಮ್ಯಾಸಚುಸೆಟ್ಸ್‌ನ ಹ್ಯಾಂಪ್‌ಷೈರ್ ಕಾಲೇಜು 1970ರಲ್ಲಿ ಬಾಗಿಲು ತೆರೆದಾಗ ಇನ್ನೂ ಮುಂದೆ ಹೋಯಿತು. ಅಂಕವಿಲ್ಲ, ಶ್ರೇಣಿಯಿಲ್ಲ, ಪ್ರತಿ ಕೋರ್ಸಿನ ಕೊನೆಗೆ ಮೇಷ್ಟ್ರು ಪತ್ರದಂತೆ ಮೌಲ್ಯಮಾಪನ ಬರೆದು ಕೊಡುವುದು. ಕೊನೆಯ ವರ್ಷವಿಡೀ ಒಂದೇ ಯೋಜನೆ. ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್, ಲೇಖಕ ಜಾನ್ ಕ್ರಾಕೌರ್, ನಟಿ ಲುಪಿಟಾ ನ್ಯೊಂಗೊ ಅಲ್ಲಿ ಓದಿದವರು. ಸುತ್ತಲಿನ ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳು ಮತ್ತು ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯ ಸೇರಿ ಕಟ್ಟಿದ ಕಾಲೇಜಾದ್ದರಿಂದ ಅಲ್ಲಿಯ ಹುಡುಗರು ಆ ನಾಲ್ಕು ಕಡೆಯೂ ಹೋಗಿ ಪಾಠ ಕೇಳಬಹುದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೋಲಾರಕ್ಕೆ ಬಂದಾಗ ಬೇಕಾಗುತ್ತದೆ.

ಎಲ್ಲವೂ ಹೂವಿನ ದಾರಿಯಾಗಿರಲಿಲ್ಲ. 2019ರಲ್ಲಿ ಹ್ಯಾಂಪ್‌ಷೈರ್ ಹಣವಿಲ್ಲದೆ ಮುಚ್ಚುವ ಅಂಚಿಗೆ ಬಂದಿತ್ತು, ಹಳೆಯ ವಿದ್ಯಾರ್ಥಿಗಳು ನಿಂತು ಉಳಿಸಿಕೊಂಡರು. ಒಬ್ಬೊಬ್ಬ ವಿದ್ಯಾರ್ಥಿಗೂ ಮೇಷ್ಟ್ರು ಗಂಟೆಗಟ್ಟಲೆ ಕೊಡಬೇಕಾದ ಶಿಕ್ಷಣ ದುಬಾರಿಯೇ. ಬರ್ಕ್ಲಿಯಲ್ಲಿ 1970ರಲ್ಲಿ ಐಸಾಕ್ ಬೋನ್‌ವಿಟ್ಸ್ ಎಂಬಾತ ಇಂಥದೇ ದಾರಿಯಲ್ಲಿ ಮಂತ್ರವಿದ್ಯೆಯ ಬಿ.ಎ. ಪಡೆದು ದೇಶವೆಲ್ಲ ಸುದ್ದಿಯಾದಾಗ ವಿಶ್ವವಿದ್ಯಾಲಯ ಮುಜುಗರಕ್ಕೆ ಸಿಕ್ಕಿತ್ತು. ಸಮಿತಿ ಸಡಿಲವಾದರೆ ಪದವಿಯೂ ಸಡಿಲವಾಗುತ್ತದೆ ಎಂಬ ಭಯ ಸುಳ್ಳಲ್ಲ.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ ಪದವಿ ಎಂದರೆ ‘ಕಾಂಬಿನೇಶನ್’. ಪಿಸಿಎಂ, ಸಿಬಿಝಡ್, ಎಚ್‌ಇಪಿ, ಎಚ್‌ಇಕೆ. ನಿನ್ನದು ಯಾವ ಕಾಂಬಿನೇಶನ್ ಎಂಬುದು ಪಿಯು ಮುಗಿದ ಪ್ರತಿ ಮಗುವೂ ನೆಂಟರಿಷ್ಟರಿಂದ ಕೇಳಿಸಿಕೊಳ್ಳುವ ಪ್ರಶ್ನೆ. ಮೂರು ವಿಷಯಗಳನ್ನು ಸಮಸಮವಾಗಿ ಓದಿಸುವ ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದೇ ವಿಷಯಕ್ಕೆ ಹುಡುಗರನ್ನು ಕಟ್ಟಿಹಾಕುವ ಆನರ್ಸ್‌ಗಿಂತ ಇದು ಅಗಲವಾದದ್ದು. ತೊಂದರೆ ಇರುವುದು ಆ ಮೂರನ್ನು ಯಾರು ಜೋಡಿಸಿದರು ಎಂಬಲ್ಲಿ. ಜೋಡಿಸಿದ್ದು ಟೈಮ್‌ಟೇಬಲ್, ಲ್ಯಾಬಿನ ಬೆಂಚುಗಳು, ಮಂಜೂರಾದ ಹುದ್ದೆಗಳು. ಚರಿತ್ರೆಯ ಜೊತೆ ರಸಾಯನಶಾಸ್ತ್ರ ಕೂಡದು ಎಂಬುದಕ್ಕೆ ವಿದ್ಯೆಯ ಕಾರಣ ಯಾವುದೂ ಇಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021–22ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಬಹುಶಿಸ್ತೀಯ ಕಲಿಕೆ ಎಲ್ಲ ಒಟ್ಟಿಗೆ ಬಂತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಚನೆಯಾಯಿತು, 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಮೂರೋ ನಾಲ್ಕೋ ಎಂಬ ಜಗಳದಲ್ಲಿ ಓಪನ್ ಎಲೆಕ್ಟಿವ್‌ಗೆ ಆದ ಗತಿಯನ್ನು ಯಾರೂ ಕೂತು ನೋಡಲಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ವಿದ್ಯಾರ್ಥಿಗೆ ಸಿಕ್ಕ ‘ಆಯ್ಕೆ’ ಎಂದರೆ ಆ ಸೆಮಿಸ್ಟರ್‌ನಲ್ಲಿ ಬಿಡುವಿದ್ದ ಉಪನ್ಯಾಸಕರ ವಿಷಯ. ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಕ್ಲಿಕ್ ಮಾಡಿದರೆ ಆಯಿತು. ಮೂರು ಕ್ರೆಡಿಟ್ ಇಲ್ಲಿ, ಮೂರು ಕ್ರೆಡಿಟ್ ಅಲ್ಲಿ. ಇದನ್ನು ಯಾಕೆ ಓದುತ್ತಿದ್ದೀಯಮ್ಮ ಎಂದು ಕೇಳುವ ಒಬ್ಬರೂ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಸೋತದ್ದು ಅಲ್ಲಿ, ವರ್ಷಗಳ ಲೆಕ್ಕದಲ್ಲಲ್ಲ.

ಒಂದು ಉದಾಹರಣೆ ಕಟ್ಟಿ ನೋಡೋಣ. ಕೋಲಾರ ಜಿಲ್ಲೆಯ ಹಳ್ಳಿಯೊಂದರ ಹುಡುಗಿ, ಬಿ.ಎಸ್ಸಿ. ಮೊದಲ ವರ್ಷ, ಸಿಬಿಝಡ್. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಬದುಕೆಲ್ಲ ಕೆರೆ ಮತ್ತು ಕೊಳವೆಬಾವಿಯ ಮೇಲೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಅಲ್ಲಿಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೊದಲು ನೀರು ಬಂದ ಲಕ್ಷ್ಮೀಸಾಗರ ಕೆರೆಯಲ್ಲಿ ಕೆಲವೇ ವಾರಗಳಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು, ಮುಂದೆ ಸುಪ್ರೀಂ ಕೋರ್ಟಿಗೂ. ಅಂತರ್ಜಲ ಮೇಲೆ ಬಂದಿದೆ ಎನ್ನುವ ರೈತರಿದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗದೆ ಈ ನೀರು ಬೇಡ ಎನ್ನುವ ರೈತರೂ ಇದ್ದಾರೆ. ಈ ಹುಡುಗಿಗೆ ತನ್ನೂರಿನ ಕೆರೆಗೆ ಏನಾಗುತ್ತಿದೆ ಎಂದು ತಿಳಿಯಬೇಕು ಎನ್ನಿ.

ಏನೇನು ಓದಬೇಕು? ನೈಟ್ರೇಟ್, ಫಾಸ್ಫೇಟ್, ಭಾರಲೋಹಗಳನ್ನು ಅಳೆಯಲು ರಸಾಯನಶಾಸ್ತ್ರ. ನೀರಿನ ಸೂಕ್ಷ್ಮಜೀವಿಗಳಿಗೆ ಮೈಕ್ರೋಬಯಾಲಜಿ. ಕೆರೆಯ ನೀರು ಕೊಳವೆಬಾವಿಗೆ ಇಳಿಯುವ ಬಗೆಗೆ ಭೂವಿಜ್ಞಾನ. ಟೊಮೆಟೊ, ಹಿಪ್ಪುನೇರಳೆಯ ಲೆಕ್ಕಕ್ಕೆ ಕೃಷಿ ಅರ್ಥಶಾಸ್ತ್ರ. ಕೋರ್ಟಿನ ಆದೇಶ ಓದಲು 1974ರ ಜಲ ಮಾಲಿನ್ಯ ಕಾಯ್ದೆಯ ಪರಿಚಯ. ಮುಖ್ಯವಾಗಿ ಚರಿತ್ರೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟವಾಗಿ ಅಚ್ಚು ಹಾಕಿಸಿದ್ದಾರೆ. ಕೆರೆ ಕಟ್ಟಿದವರು, ಕೆರೆ ನೋಡಿಕೊಂಡವರಿಗೆ ಬಿಟ್ಟ ಕಟ್ಟುಕೊಡಗೆ ಭೂಮಿ, ಇವೆಲ್ಲಕ್ಕೂ ಶಾಸನಗಳನ್ನು ಓದಲು ಬರಬೇಕು. ತೂಬು ಎತ್ತುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವ ನೀರುಗಂಟಿಯ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಅದಕ್ಕೆ ಹಿರಿಯರ ಜೊತೆ ಕೂತು ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯದ ಶಿಸ್ತು ಬೇಕು.

ಸಿಬಿಝಡ್ ಈ ಹುಡುಗಿಗೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಕೊಡುತ್ತದೆ. ಅಲ್ಲಿಗೆ ಮುಗಿಯಿತು. ಇದೇ ಪ್ರಶ್ನೆ ಹೊತ್ತು ಎಚ್‌ಇಪಿಗೆ ಸೇರಿದ ಹುಡುಗನಿಗೆ ಲ್ಯಾಬಿನ ಬಾಗಿಲು ಮುಚ್ಚಿದೆ.

ಈಗ ಆಕೆ ಒಂದು ಪ್ರಸ್ತಾವ ಬರೆದು ಸಮಿತಿಯ ಮುಂದೆ ಕೂತಳು ಎಂದುಕೊಳ್ಳೋಣ. ಒಳ್ಳೆಯ ಸಮಿತಿ ಮೊದಲು ಮಾಡುವ ಕೆಲಸ ಪ್ರಶ್ನೆಯನ್ನು ಕುಗ್ಗಿಸುವುದು. ‘ಜಿಲ್ಲೆಯ ಕೆರೆಗಳೆಲ್ಲ ಬೇಡಮ್ಮ, ಒಂದು ಕೆರೆ ಹಿಡಿ. 2018ಕ್ಕೆ ಮೊದಲು, ಆಮೇಲೆ, ಅಷ್ಟೇ.’ ರಸಾಯನಶಾಸ್ತ್ರದ ಮೇಷ್ಟ್ರು ಕೇಳುತ್ತಾರೆ: ‘ಮೊದಲಿನ ನೀರಿನ ಅಳತೆ ನಿನ್ನ ಹತ್ತಿರ ಇಲ್ಲವಲ್ಲ, ಯಾವುದಕ್ಕೆ ಹೋಲಿಸುತ್ತೀ?’ ಆಗ ಯೋಜನೆಯ ನೀರು ಬಾರದ ಪಕ್ಕದೂರಿನ ಕೆರೆಯನ್ನೂ ಅಳೆಯಬೇಕು ಎಂದು ಹುಡುಗಿಗೆ ಹೊಳೆಯುತ್ತದೆ. ಸಂಶೋಧನಾ ವಿಧಾನ ಎಂಬ ಪೇಪರ್ ಓದಿ ಅಂಕ ತೆಗೆದವರಿಗೂ ಎಷ್ಟೋ ಸಲ ಹೊಳೆಯದ ಸಂಗತಿ ಅದು. ಚರಿತ್ರೆಯ ಮೇಡಂ ಕೇಳುತ್ತಾರೆ: ‘ನಿನ್ನ ಕೆರೆಯ ಶಾಸನ ಇದೆಯಾ? ಇಲ್ಲದಿದ್ದರೆ ಈ ಭಾಗ ಯಾಕೆ?’ ಬಹುಶಃ ಆ ಭಾಗ ಬಿಟ್ಟುಹೋಗುತ್ತದೆ, ಇಲ್ಲವೇ ತಾಲ್ಲೂಕು ಕಚೇರಿಯ ಹಳೆಯ ಕಂದಾಯ ದಾಖಲೆಯ ಕಡೆಗೆ ತಿರುಗುತ್ತದೆ. ಪದವಿಯ ನಿಜವಾದ ಓದು ಶುರುವಾಗುವುದು ಈ ಅರ್ಧ ಗಂಟೆಯಲ್ಲಿ.

ಮೇಷ್ಟ್ರುಗಳು ಎಲ್ಲಿಂದ ಬರಬೇಕು ಎಂದು ಕೇಳಬಹುದು. ಕೋಲಾರದ ತಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ, ಅಲ್ಲೇ ತೋಟಗಾರಿಕೆ ಕಾಲೇಜೂ ಇದೆ. ಊರೊಳಗೆ ಸರ್ಕಾರಿ ಪದವಿ ಕಾಲೇಜುಗಳಿವೆ, ಕಾನೂನು ಕಾಲೇಜಿದೆ. ಹ್ಯಾಂಪ್‌ಷೈರ್ ಸುತ್ತ ನಾಲ್ಕು ಸಂಸ್ಥೆಗಳಿದ್ದಂತೆ ಇಲ್ಲೂ ಇವೆ. ನಡುವೆ ಬಸ್ಸಿನ ದಾರಿಯೂ ಇದೆ, ಒಪ್ಪಂದದ ಕಾಗದ ಮಾತ್ರ ಇಲ್ಲ. ಒಂದು ಸಂಸ್ಥೆಯ ಕ್ರೆಡಿಟ್ಟನ್ನು ಇನ್ನೊಂದರಲ್ಲಿ ಜಮೆ ಮಾಡಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲೇ ಬಂದಿದೆ.

ಇಂಥದ್ದನ್ನು ದೇಶದಲ್ಲಿ ಯಾರೂ ಮಾಡಿಲ್ಲವೆಂದಲ್ಲ. ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಕ್ಲಸ್ಟರ್ ಇನ್ನೊವೇಷನ್ ಸೆಂಟರ್ ಸ್ಥಾಪಿಸಿ ಪ್ರಾಜೆಕ್ಟ್‌ಗಳ ಸುತ್ತ ಪದವಿ ಕಟ್ಟಿತು. ಜಮ್ಮು ವಿಶ್ವವಿದ್ಯಾಲಯ ‘ಡಿಸೈನ್ ಯುವರ್ ಡಿಗ್ರಿ’ ಎಂಬ ಹೆಸರಿನಲ್ಲೇ ನಾಲ್ಕು ವರ್ಷದ ಪದವಿ ತೆರೆದಿದೆ. ಜಮ್ಮುವಿಗೆ ಆದದ್ದು ಧಾರವಾಡಕ್ಕೆ, ಮೈಸೂರಿಗೆ, ಕಲಬುರಗಿಗೆ ಯಾಕಾಗಬಾರದು?

ತಂದೆ ತಾಯಿಯರ ಅಂಜಿಕೆ ನನಗೆ ಅರ್ಥವಾಗುತ್ತದೆ. ಬಿ.ಎಡ್. ಸೇರುವಾಗ, ಪ್ರೌಢಶಾಲಾ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವಾಗ ಪದವಿಯಲ್ಲಿ ಯಾವ ಐಚ್ಛಿಕ ವಿಷಯ ಓದಿದ್ದಿ ಎಂಬುದು ಮೊದಲ ಪ್ರಶ್ನೆ. ಅಲ್ಲಿ ‘ಕೆರೆ ಅಧ್ಯಯನ’ ಎಂದರೆ ಅರ್ಜಿ ತಿರಸ್ಕೃತವಾಗಬಹುದು. ಶಿಕ್ಷಕರಾಗಬೇಕು ಎಂದು ಈಗಲೇ ಗಟ್ಟಿ ಮಾಡಿಕೊಂಡವರು ಈ ದಾರಿ ಹಿಡಿಯದಿರುವುದೇ ಮೇಲು, ನಿಯಮ ಬದಲಾಗುವವರೆಗೆ. ಆದರೆ ಯುಪಿಎಸ್‌ಸಿ ನಾಗರಿಕ ಸೇವೆಗೆ ಮಾನ್ಯತೆಯಿರುವ ಯಾವುದೇ ಪದವಿ ಸಾಕು. ಪದವಿಯ ಹೆಸರುಗಳನ್ನು ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ನಿನ ಅಡಿ ಅಧಿಸೂಚಿಸುವುದು ನಿಜ, ಹಾಗಾಗಿ ಹೊಸ ಪದವಿಯ ಹೆಸರು ಹುಟ್ಟಿಸುವ ಅಗತ್ಯವಿಲ್ಲ. ಬಿ.ಎಸ್ಸಿ. ಬಿ.ಎಸ್ಸಿ.ಯಾಗಿಯೇ ಇರಲಿ. ಶಾರ್ಟ್ಸ್ ಅವರದ್ದೂ ಬಿ.ಎ.ಯೇ. ಮುಂದೆ ಅವರು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1977ರಲ್ಲಿ ಪದವಿ ಪಡೆದರು; ಒಗಟಿನ ಪದವಿ ಅದಕ್ಕೆ ಅಡ್ಡ ಬರಲಿಲ್ಲ. ವಕೀಲಿಗೆ ಇಳಿಯದೆ ಒಗಟಿಗೆ ಮರಳಿದ್ದು ಅವರ ಇಷ್ಟ.

ಹೆಚ್ಚು ಕಷ್ಟದ ಮಾತು ಮೇಷ್ಟ್ರುಗಳದ್ದು. ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವರು ಒಬ್ಬ ವಿದ್ಯಾರ್ಥಿಯ ಮೂರು ವರ್ಷದ ಹೊಣೆಯನ್ನು ಹೇಗೆ ಹೊರುತ್ತಾರೆ? ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ನಿಯಮದಂತೆ ವಾರಕ್ಕೆ ಹದಿನಾರು ಗಂಟೆ ಪಾಠ. ಮಾರ್ಗದರ್ಶನ ಆ ಹದಿನಾರರ ಒಳಗೆ ಎಣಿಕೆಯಾಗಬೇಕು, ಹೊರಗಿನ ಸೇವೆಯಾಗಬಾರದು. ಹುದ್ದೆ ತುಂಬದೆ, ಗಂಟೆ ಕೊಡದೆ ‘ಬಹುಶಿಸ್ತೀಯ’ ಎಂದು ಸುತ್ತೋಲೆ ಹೊರಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹಾಗಾಗಿ ದೊಡ್ಡದಾಗಿ ಶುರು ಮಾಡುವುದು ಬೇಡ. ಒಂದು ವಿಶ್ವವಿದ್ಯಾಲಯ, ವರ್ಷಕ್ಕೆ ಹತ್ತು ವಿದ್ಯಾರ್ಥಿಗಳು. ಮೊದಲ ಮೂರು ಸೆಮಿಸ್ಟರ್ ಎಲ್ಲರಂತೆ ತಮ್ಮ ಕಾಂಬಿನೇಶನ್ ಓದಲಿ, ಬುನಾದಿ ಇಲ್ಲದೆ ಯಾವ ಪ್ರಶ್ನೆಯೂ ನಿಲ್ಲುವುದಿಲ್ಲ. ಅಷ್ಟರಲ್ಲಿ ಪ್ರಶ್ನೆ ಸಿಕ್ಕವರು ಪ್ರಸ್ತಾವ ಬರೆಯಲಿ. ಒಪ್ಪಿಗೆಯಾದವರು ಉಳಿದ ಮೂರು ಸೆಮಿಸ್ಟರ್‌ನಲ್ಲಿ ಒಂದು ವಿಷಯವನ್ನು ಬಿಟ್ಟು, ಅದರ ಜಾಗದಲ್ಲಿ ಬೇರೆ ವಿಭಾಗದ, ಬೇರೆ ಕಾಲೇಜಿನ ಕೋರ್ಸ್‌ಗಳನ್ನೂ ಒಂದು ಪ್ರಬಂಧವನ್ನೂ ಮಾಡಲಿ. ಪ್ರಬಂಧ ಕನ್ನಡದಲ್ಲಿರಲಿ, ಕೆರೆಯ ಊರಿನವರೂ ಓದುವಂತಿರಲಿ. ಅಂಕಪಟ್ಟಿಯಲ್ಲಿ ಅದರ ಶೀರ್ಷಿಕೆ ಅಚ್ಚಾಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಅಕಾಡೆಮಿಕ್ ಕೌನ್ಸಿಲ್‌ನ ಒಂದು ನಿರ್ಣಯ ಸಾಕು.

ಆ ನಿರ್ಣಯ ಬರುವವರೆಗೂ ಕಾಯಬೇಕಾಗಿಲ್ಲ. ಪದವಿ ಕಾಲೇಜಿನ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ: ತರಗತಿ ಮುಗಿದ ಮೇಲೆ ಯಾವುದೋ ಪ್ರಶ್ನೆ ಹಿಡಿದು ಸ್ಟಾಫ್ ರೂಮಿಗೆ ಬರುವ ಹುಡುಗ ಹುಡುಗಿಯರನ್ನು ‘ಅದು ಸಿಲಬಸ್‌ನಲ್ಲಿಲ್ಲ’ ಎಂದು ವಾಪಸ್ ಕಳಿಸಬೇಡಿ. ಒಂದು ಪುಟ ಬರೆದುಕೊಂಡು ಬಾ ಎಂದು ಹೇಳಿ. ಬರೆದು ತಂದರೆ, ಅದನ್ನು ಪಕ್ಕದ ವಿಭಾಗದವರಿಗೂ ತೋರಿಸಿ.